ಕಮ್ಯೂನಿಟಿ ಕಾಲೇಜಿಗೆ ಸೇರುವ ನಮ್ಮವರಿಗೆ: ಕೋರ್ಸು ಯಾವಾಗ ಬಿಡಬೇಕು ಅನ್ನುವುದನ್ನು ಮೊದಲು ಕಲಿಯಿರಿ

ಬೇಸಿಗೆ ಬಂತೆಂದರೆ ಕ್ಯಾಲಿಫೋರ್ನಿಯಾದ ಬೇ ಏರಿಯಾದ ಹೊಸ ಕನ್ನಡ ಮನೆಗಳಿಂದ ನನಗೆ ಒಂದೇ ಥರದ ಫೋನು ಬರುತ್ತದೆ. "ಮಗನಿಗೆ ಒಂದು ಕೋರ್ಸಿನಲ್ಲಿ ಸಿ ಬಂದಿದೆ. ಇನ್ನೊಂದ್ಸಲ ತಗೊಂಡು ಎ ಮಾಡ್ಕೊಳ್ಳಲಿ, ಅಲ್ವಾ?" ಆಗುವುದಿಲ್ಲ ಎಂದರೆ ನಂಬುವುದೇ ಕಷ್ಟ. ದುಡ್ಡು ಕಟ್ಟುತ್ತೇವೆ, ಮತ್ತೆ ಓದುತ್ತಾನೆ, ಕಾಲೇಜಿಗೇನು ತೊಂದರೆ ಎಂದು ಕೇಳುತ್ತಾರೆ.

ಹಾಗೆ ಕೇಳುವುದು ಸಹಜ. ನಾವು ಬೆಳೆದ ಪದ್ಧತಿಯೇ ಬೇರೆ. ಎಸ್‌ಎಸ್‌ಎಲ್‌ಸಿಯಲ್ಲಿ ಒಂದು ಸಬ್ಜೆಕ್ಟ್ ಹೋದರೆ ಸಪ್ಲಿಮೆಂಟರಿ. ಪಿಯುಸಿಯಲ್ಲಿ ಮಾರ್ಕ್ಸ್ ಕಡಿಮೆ ಅನ್ನಿಸಿದರೆ ರಿವ್ಯಾಲ್ಯುಯೇಷನ್. ಇಂಜಿನಿಯರಿಂಗ್‌ನಲ್ಲಿ ಬ್ಯಾಕ್ ಉಳಿದರೆ ಮುಂದೆ ಕಟ್ಟಿ ಬರೆದರಾಯಿತು. 2024ರಿಂದ ಕರ್ನಾಟಕದಲ್ಲಿ ಎಸ್‌ಎಸ್‌ಎಲ್‌ಸಿಗೂ ದ್ವಿತೀಯ ಪಿಯುಸಿಗೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬಂದಿವೆ. ಅವುಗಳಲ್ಲಿ ಯಾವುದು ಜಾಸ್ತಿಯೋ ಅದೇ ಉಳಿಯುತ್ತದೆ. ಮಕ್ಕಳ ಮೇಲಿನ ಭಾರ ಇಳಿಸಿದ ಒಳ್ಳೆಯ ಬದಲಾವಣೆ ಅದು. ಆದರೆ ಅದೇ ಲೆಕ್ಕವನ್ನು ಕ್ಯಾಲಿಫೋರ್ನಿಯಾದ ಕಮ್ಯೂನಿಟಿ ಕಾಲೇಜಿಗೆ, ಅಂದರೆ ಎರಡು ವರ್ಷ ಓದಿ ಯೂನಿವರ್ಸಿಟಿಗೆ ಹೋಗುವ ಸರ್ಕಾರಿ ಕಾಲೇಜಿಗೆ, ತಂದರೆ ಪೆಟ್ಟು ಬೀಳುವುದು ಮಕ್ಕಳಿಗೆ.

ನಾನು ಹೇಳುವುದೆಲ್ಲ ಇಲ್ಲಿನ 116 ಕಮ್ಯೂನಿಟಿ ಕಾಲೇಜುಗಳ ಮಾತು. ಡಿ ಆಂಜಾ, ಫುಟ್‌ಹಿಲ್, ಓಲೋನಿ, ಮಿಷನ್, ಲಾಸ್ ಪೊಸಿಟಾಸ್, ಹೀಗೆ ನಮ್ಮವರು ಹೋಗುವ ಕಾಲೇಜುಗಳೆಲ್ಲ ಒಂದೇ ರಾಜ್ಯ ನಿಯಮದ ಕೆಳಗೆ ಬರುತ್ತವೆ. ಟೆಕ್ಸಸ್, ನ್ಯೂಜೆರ್ಸಿಯಲ್ಲಿ ಇರುವವರು ತಮ್ಮ ಕಾಲೇಜಿನ ಕ್ಯಾಟಲಾಗ್ ನೋಡಿಕೊಳ್ಳಬೇಕು.

ಮುಖ್ಯ ನಿಯಮ ಇಷ್ಟು. ಸಿ ಅಥವಾ ಅದಕ್ಕಿಂತ ಮೇಲಿನ ಗ್ರೇಡ್ ಬಂದರೆ ಆ ಕೋರ್ಸ್ ಮುಗಿಯಿತು. ಗ್ರೇಡ್ ಏರಿಸಿಕೊಳ್ಳಲು ಮತ್ತೆ ಸೇರುವಂತಿಲ್ಲ. ಡಿ, ಎಫ್ ಅಥವಾ ನೋ ಪಾಸ್ ಬಂದರೆ ಮತ್ತೆ ತೆಗೆದುಕೊಳ್ಳಬಹುದು, ಆದರೆ ಒಟ್ಟು ಮೂರು ಸಲ ಮಾತ್ರ. 2012ರ ಬೇಸಿಗೆಯಿಂದ ಈ ಮಿತಿ ಇದೆ. ಮಧ್ಯದಲ್ಲಿ ಬಿಟ್ಟು 'ಡಬ್ಲ್ಯೂ' (ವಿತ್‌ಡ್ರಾ, ಕೋರ್ಸ್ ಬಿಟ್ಟ ಗುರುತು) ಬಂದರೂ ಅದು ಒಂದು ಸಲ ಎಂದೇ ಲೆಕ್ಕ. ನಮ್ಮವರು ಎಡವುವುದು ಇಲ್ಲೇ. ಡಬ್ಲ್ಯೂ ಬಂದರೆ ಜಿಪಿಎ (ಎಲ್ಲ ಗ್ರೇಡುಗಳ ಸರಾಸರಿ) ಕೆಡುವುದಿಲ್ಲ ಎಂದು ಯಾರೋ ಹೇಳಿರುತ್ತಾರೆ. ಅದು ನಿಜ. ಆದರೆ ಎರಡು ಸಲ ಡಬ್ಲ್ಯೂ ತೆಗೆದುಕೊಂಡ ಮಗುವಿಗೆ ಕ್ಯಾಲ್ಕ್ಯುಲಸ್‌ನಲ್ಲಿ ಉಳಿದಿರುವುದು ಒಂದೇ ಅವಕಾಶ ಅನ್ನುವುದನ್ನು ಅವರು ಹೇಳಿರುವುದಿಲ್ಲ.

ಮತ್ತೆ ತೆಗೆದುಕೊಂಡು ಪಾಸಾದರೆ ಹಳೆಯ ಎಫ್ ಜಿಪಿಎ ಲೆಕ್ಕದಿಂದ ಹೊರಗೆ ಹೋಗುತ್ತದೆ. ಟ್ರಾನ್ಸ್‌ಕ್ರಿಪ್ಟ್‌ನಿಂದ, ಅಂದರೆ ಕಾಲೇಜು ಕೊಡುವ ಗ್ರೇಡ್ ಪಟ್ಟಿಯಿಂದ, ಹೋಗುವುದಿಲ್ಲ. ಮುಂದೆ ಓದುವವರಿಗೆಲ್ಲ ಕಾಣುತ್ತಲೇ ಇರುತ್ತದೆ. ರಿವ್ಯಾಲ್ಯುಯೇಷನ್ ಎಂಬುದು ಇಲ್ಲಿ ಇಲ್ಲವೇ ಇಲ್ಲ. ಪ್ರೊಫೆಸರ್ ಕೊಟ್ಟ ಗ್ರೇಡೇ ಕೊನೆ. ಎಣಿಕೆಯ ತಪ್ಪು, ಮೋಸ, ದುರುದ್ದೇಶ, ಅಸಮರ್ಥತೆ ಇವುಗಳನ್ನು ತೋರಿಸಿದರೆ ಮಾತ್ರ ಅದು ಬದಲಾಗಬಹುದು ಎಂದು ಕಾನೂನಿನಲ್ಲೇ ಬರೆದಿದೆ. "ಮಗ ಚೆನ್ನಾಗಿ ಬರೆದಿದ್ದ" ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ.

ಹಾಗಾದರೆ ಏನು ಮಾಡಬೇಕು? ಕೋರ್ಸ್ ಶುರುವಾದ ದಿನವೇ ಎರಡು ತಾರೀಖು ಬರೆದಿಟ್ಟುಕೊಳ್ಳಿ. ಮೊದಲನೆಯದು, ಡಬ್ಲ್ಯೂ ಇಲ್ಲದೆ ಬಿಡಲು ಕೊನೆಯ ದಿನ. ಟರ್ಮ್‌ನ ಐದನೇ ಒಂದು ಭಾಗ ಕಳೆಯುವ ಮೊದಲೇ ಅದು ಬಂದುಬಿಡುತ್ತದೆ. ಅಷ್ಟರೊಳಗೆ ಬಿಟ್ಟರೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಗುರುತೇ ಇರುವುದಿಲ್ಲ, ಮೂರರ ಲೆಕ್ಕಕ್ಕೂ ಸೇರುವುದಿಲ್ಲ. ಎರಡನೆಯದು, ಡಬ್ಲ್ಯೂ ತೆಗೆದುಕೊಂಡು ಬಿಡಲು ಕೊನೆಯ ದಿನ. ಅದು ಸುಮಾರು ಮುಕ್ಕಾಲು ಟರ್ಮ್ ಹೊತ್ತಿಗೆ. ಅದು ದಾಟಿದ ಮೇಲೆ ಗ್ರೇಡ್ ಬಂದೇ ಬರುತ್ತದೆ. ಬೇಸಿಗೆಯ ಆರು ವಾರದ ಕೋರ್ಸಿನಲ್ಲಿ ಮೊದಲ ತಾರೀಖು ಕೆಲವೇ ದಿನಗಳಲ್ಲಿ ಬಂದು ಹೋಗಿರುತ್ತದೆ. ಮಗು ಸಿಲಬಸ್ ಓದಿ ಮುಗಿಸುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ.

ಕೋರ್ಸ್ ಬಿಡುವುದೆಂದರೆ ಸೋಲು ಎಂದು ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. "ಹಿಡಿದ ಕೆಲಸ ಬಿಡಬೇಡ" ಎಂದು ಮಕ್ಕಳಿಗೂ ಅದನ್ನೇ ಹೇಳುತ್ತೇವೆ. ಮೂರನೇ ವಾರದಲ್ಲಿ ಮಗು ಫಿಸಿಕ್ಸ್ ತಲೆಗೆ ಹೋಗುತ್ತಿಲ್ಲ ಎಂದರೆ ಟ್ಯೂಷನ್ ಹುಡುಕುತ್ತೇವೆ, ಬೈಯುತ್ತೇವೆ, ಇನ್ನೂ ಸ್ವಲ್ಪ ಕಷ್ಟಪಡು ಎನ್ನುತ್ತೇವೆ. ಆ ಮಾತಿನಲ್ಲೇ ಎರಡೂ ತಾರೀಖು ದಾಟುತ್ತವೆ. ನಮ್ಮ ಸಮುದಾಯದಲ್ಲಿ ಒಳ್ಳೆಯ ಮಕ್ಕಳು ಹೀಗೆ ಎಫ್ ತೆಗೆದುಕೊಂಡಿದ್ದನ್ನು ನೋಡಿ ನೋಡಿ ನನಗೆ ಸಂಕಟವಾಗಿದೆ. ಅವರಿಗೆ ಬುದ್ಧಿ ಕಡಿಮೆ ಇರಲಿಲ್ಲ. ಬಿಡು, ಮುಂದಿನ ಟರ್ಮ್ ತಗೋ ಎಂದು ಹೇಳುವವರು ಮನೆಯಲ್ಲಿ ಇರಲಿಲ್ಲ.

ಇನ್ನೊಂದು ವಿಷಯ. ಕೊನೆಯ ಪರೀಕ್ಷೆಯ ಹಿಂದಿನ ರಾತ್ರಿ ಕೂತು ಓದಿ ಪಾಸಾಗುವ ನಮ್ಮ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಹೋಮ್‌ವರ್ಕ್, ಲ್ಯಾಬ್, ಕ್ವಿಜ್, ಮಿಡ್‌ಟರ್ಮ್ ಎಲ್ಲ ಸೇರಿ ಗ್ರೇಡ್. ಯಾವುದಕ್ಕೆ ಎಷ್ಟು ಎಂದು ಮೊದಲ ವಾರದ ಸಿಲಬಸ್‌ನಲ್ಲೇ ಇರುತ್ತದೆ. ಪ್ರೊಫೆಸರ್ ಆಫೀಸ್ ಅವರ್ಸ್ (ಭೇಟಿಯ ಸಮಯ) ಇಟ್ಟಿರುವುದು ಮಕ್ಕಳು ಬರಲಿ ಎಂದೇ. ಮೇಷ್ಟ್ರ ಹತ್ತಿರ ಹೋಗಿ ಗೊತ್ತಿಲ್ಲ ಎಂದು ಹೇಳಲು ನಾವು ಹೆದರುತ್ತಿದ್ದೆವು. ಆ ಹೆದರಿಕೆಯನ್ನು ಮಕ್ಕಳಿಗೆ ದಾಟಿಸಬೇಡಿ. ಟ್ಯೂಟರಿಂಗ್ ಸೆಂಟರ್ ಪುಕ್ಕಟೆ ಇರುತ್ತದೆ, ಅದನ್ನೂ ಬಳಸಲಿ.

ಕಾಯಿಲೆ, ಮನೆಯಲ್ಲಿ ಸಾವು, ಅಪಘಾತ, ಇಂಥದ್ದು ಬಂದಾಗ 'ಇಡಬ್ಲ್ಯೂ' (ಎಕ್ಸ್‌ಕ್ಯೂಸ್ಡ್ ವಿತ್‌ಡ್ರಾಯಲ್) ಎಂಬ ಬೇರೆ ದಾರಿ ಇದೆ. ದಾಖಲೆ ಕೊಟ್ಟು ಕೇಳಬೇಕು. 2020ರ ಕೋವಿಡ್ ಕಾಲದಲ್ಲಿ ತುಂಬ ವಿದ್ಯಾರ್ಥಿಗಳು ಇದನ್ನು ಬಳಸಿದರು. ಇದು ಮೂರರ ಲೆಕ್ಕಕ್ಕೆ ಬರುವುದಿಲ್ಲ. ಊರಿನಲ್ಲಿ ಅಜ್ಜಿ ತೀರಿಕೊಂಡರು ಎಂದು ಟರ್ಮ್ ಮಧ್ಯೆ ಹೊರಟು ಹೋದವರು ವಾಪಸ್ ಬಂದ ತಕ್ಷಣ ಇದನ್ನು ಕೇಳಬೇಕು. ಸುಮ್ನೆ ಕೂತರೆ ಎಫ್ ಬರುತ್ತದೆ.

ಎ, ಬಿ, ಸಿ ಗ್ರೇಡ್ ಬದಲು ಬರೀ ಪಾಸ್/ನೋ ಪಾಸ್ ತೆಗೆದುಕೊಳ್ಳುವ ಆಯ್ಕೆಯೂ ಈಚಿನ ವರ್ಷಗಳಲ್ಲಿ ಸಡಿಲವಾಗಿದೆ. ಮೊದಲು ಟರ್ಮ್ ಶುರುವಿನಲ್ಲೇ ಹೇಳಬೇಕಿತ್ತು. ಈಗ ಟರ್ಮ್‌ನ ಕೊನೆಯವರೆಗೂ ಬದಲಾಯಿಸಿಕೊಳ್ಳಬಹುದು. ಆದರೆ ಯುಸಿಗೆ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಹೋಗುವವರು ತಮ್ಮ ಮೇಜರ್‌ಗೆ (ಮುಖ್ಯ ವಿಷಯಕ್ಕೆ) ಬೇಕಾದ ಕೋರ್ಸುಗಳಲ್ಲಿ ಇದನ್ನು ಮುಟ್ಟದಿರುವುದೇ ವಾಸಿ. ಅಲ್ಲಿ ಲೆಟರ್ ಗ್ರೇಡ್ ಕೇಳುತ್ತಾರೆ.

ಈಗ ಹೈಸ್ಕೂಲ್ ಮಕ್ಕಳ ಮಾತು. ಇದರ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಫ್ರೀಮಾಂಟ್, ಕುಪರ್ಟಿನೋದಲ್ಲಿ ಒಂಬತ್ತನೇ ಕ್ಲಾಸಿನ ಮಗುವನ್ನು ಬೇಸಿಗೆಯಲ್ಲಿ ಕಾಲೇಜ್ ಕೋರ್ಸಿಗೆ ಹಾಕುವುದು ರೂಢಿಯಾಗಿಬಿಟ್ಟಿದೆ. ಫೀ ಇಲ್ಲ, ಪಕ್ಕದ ಮನೆಯವರು ಹಾಕಿದ್ದಾರೆ, ನಾವೂ ಹಾಕೋಣ ಎಂದು. ಆ ಹದಿನಾಲ್ಕು ವರ್ಷದ ಮಗು ಅಂದು ತೆಗೆದುಕೊಂಡ ಗ್ರೇಡ್ ಕಾಲೇಜ್ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಯುಸಿಗೆ ಅರ್ಜಿ ಹಾಕುವಾಗ ಅದನ್ನೂ ಹೇಳಲೇಬೇಕು. ಮೂರು ಸಲದ ಲೆಕ್ಕವೂ ಅಂದಿನಿಂದಲೇ ಶುರು. ಮಗುವಿಗೇ ಆಸೆ ಇದ್ದು ಹೋದರೆ ಇದಕ್ಕಿಂತ ಒಳ್ಳೆಯ ಅವಕಾಶವಿಲ್ಲ, ನಿಜ. ನೆರೆಯವರನ್ನು ನೋಡಿ ತಳ್ಳಬೇಡಿ.

ಅಲ್ಲಿ ಮಗು ಹೇಗೆ ಓದುತ್ತಿದೆ ಎಂದು ಕಾಲೇಜಿಗೆ ಫೋನ್ ಮಾಡಿದರೆ ಅವರು ಹೇಳುವುದಿಲ್ಲ. ಕಾಲೇಜಿನಲ್ಲಿ ಓದುವವರ ದಾಖಲೆ ಅವರದ್ದೇ, ವಯಸ್ಸು ಹದಿನೈದಾದರೂ ಅಷ್ಟೇ. 1974ರ ಫೆಡರಲ್ ಕಾನೂನು ಅದು. ಮಗು ಬರೆದುಕೊಡದೆ ಸಾಮಾನ್ಯವಾಗಿ ಅಪ್ಪ ಅಮ್ಮನಿಗೆ ಏನೂ ಗೊತ್ತಾಗುವುದಿಲ್ಲ. ಫೀ ಕಟ್ಟುವವರು ನಾವಲ್ವಾ ಎಂದು ಕೌಂಟರಿನಲ್ಲಿ ಜಗಳ ಆಡಿ ಪ್ರಯೋಜನವಿಲ್ಲ.

ಈ ಕಾನೂನು ಸರಿಯಾದದ್ದೇ ಎಂದು ನಾನು ಈಗ ನಂಬುತ್ತೇನೆ. ಆದರೂ ನಮ್ಮಂಥವರಿಗೆ ಇದರಲ್ಲಿ ಒಂದು ದೊಡ್ಡ ನಷ್ಟವಿದೆ. ಊರಿನಲ್ಲಿ ರಿಸಲ್ಟ್ ದಿನ ಸ್ಕೂಲಿನ ಬೋರ್ಡಿನಲ್ಲಿ ನಂಬರ್ ಹಾಕುತ್ತಿದ್ದರು. ಫೇಲಾದರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತು. ಆ ಅವಮಾನ ಯಾವ ಮಗುವಿಗೂ ಬೇಡ, ಅದರಿಂದ ಮುರಿದುಹೋದವರನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಬೀದಿಗೆ ಗೊತ್ತಾದ ಕಾರಣಕ್ಕೇ ಯಾರೋ ಒಬ್ಬರು ಬರುತ್ತಿದ್ದರು. ಸೋದರಮಾವ ಬಂದು ಗಣಿತ ಹೇಳಿಕೊಡುತ್ತಿದ್ದ. ಪಕ್ಕದ ಮನೆಯ ಟೀಚರ್ ಸಂಜೆ ಕಳಿಸಿ ಎನ್ನುತ್ತಿದ್ದರು. ಇಲ್ಲಿ ಮಗು ತನ್ನ ರೂಮಿನಲ್ಲಿ ಒಂಟಿಯಾಗಿ ಲ್ಯಾಪ್‌ಟಾಪ್ ಮುಂದೆ ಕೂತು ಸೋಲುತ್ತದೆ. ಊಟಕ್ಕೆ ಕರೆದರೆ ಬಂದು ಸಾರನ್ನ ಉಂಡು ಹೋಗುತ್ತದೆ. ಹೇಗಿದೆ ಕಾಲೇಜು ಎಂದರೆ ಚೆನ್ನಾಗಿದೆ ಎನ್ನುತ್ತದೆ. ಭಾನುವಾರದ ಕನ್ನಡ ಕ್ಲಾಸಿಗೆ ವರ್ಷಗಟ್ಟಲೆ ಕರೆದುಕೊಂಡು ಹೋದೆವು, ಆದರೆ "ನನಗೆ ಆಗ್ತಿಲ್ಲ" ಎಂದು ಹೇಳಲು ಆ ಮಗುವಿಗೆ ಯಾವ ಭಾಷೆಯಲ್ಲೂ ಧೈರ್ಯ ಬಂದಿಲ್ಲ. ಬೋರ್ಡು ಹೋಯಿತು, ಸೋದರಮಾವನೂ ಹೋದ. ಆ ಜಾಗ ತುಂಬಲು ಇಲ್ಲಿ ನಾವೇ ಇರುವುದು. ಹಾಗಾಗಿ ಗ್ರೇಡ್ ಎಷ್ಟು ಎಂದು ಕೇಳಬೇಡಿ. ಬಿಡುವ ತಾರೀಖು ಯಾವಾಗ, ಬಿಡಬೇಕು ಅನ್ನಿಸುತ್ತಿದೆಯಾ ಎಂದು ಕೇಳಿ. ಅದಕ್ಕೆ ಮಕ್ಕಳು ಉತ್ತರ ಕೊಡುತ್ತಾರೆ.

2025ರ ಫಾಲ್ (ಶರತ್ಕಾಲದ) ಟರ್ಮ್‌ನಿಂದ ಕೆಲವು ಬದಲಾವಣೆ ಬಂದಿವೆ, ಹಳಬರ ಸಲಹೆ ಕೇಳುವಾಗ ಇದು ನೆನಪಿರಲಿ. ಇಂಗ್ಲಿಷ್, ಸ್ಟ್ಯಾಟಿಸ್ಟಿಕ್ಸ್‌ನಂಥ ಕೋರ್ಸುಗಳಿಗೆ ರಾಜ್ಯದ ಎಲ್ಲ ಕಾಲೇಜುಗಳಲ್ಲೂ ಒಂದೇ ನಂಬರ್ ಬರುತ್ತಿದೆ. ಮೊದಲ ಇಂಗ್ಲಿಷ್ ಕೋರ್ಸ್ ಈಗ ಸಿ1000. ಹೆಸರು ಹೊಸದಾದ ಮಾತ್ರಕ್ಕೆ ಹೊಸ ಕೋರ್ಸ್ ಅಲ್ಲ. ಹಳೆಯ ನಂಬರಿನಲ್ಲಿ ತೆಗೆದುಕೊಂಡಿದ್ದರೆ ಆ ಸಲವೂ ಲೆಕ್ಕಕ್ಕೆ ಸೇರುತ್ತದೆ. ಯುಸಿ, ಸಿಎಸ್‌ಯುಗೆ (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಹೋಗಲು ಇದ್ದ ಐಜೆಟ್ಸಿ ಎಂಬ ಸಾಮಾನ್ಯ ಕೋರ್ಸುಗಳ ಪಟ್ಟಿಯ ಜಾಗಕ್ಕೆ ಕ್ಯಾಲ್-ಜೆಟ್ಸಿ ಬಂದಿದೆ. ಮತ್ತೆ ಎಬಿ 1705 ಎಂಬ 2022ರ ಕಾನೂನಿನ ಪ್ರಕಾರ ಸೈನ್ಸ್, ಇಂಜಿನಿಯರಿಂಗ್ ಮಕ್ಕಳನ್ನು ಹೆಚ್ಚಾಗಿ ನೇರ ಕ್ಯಾಲ್ಕ್ಯುಲಸ್‌ಗೇ ಹಾಕುತ್ತಾರೆ. ಮೊದಲಿನ ಹಾಗೆ ಕೆಳಗಿನ ಗಣಿತದಿಂದ ಮೆಟ್ಟಿಲು ಮೆಟ್ಟಿಲಾಗಿ ಹತ್ತಲು ಸಮಯ ಸಿಗುವುದಿಲ್ಲ. ಜೊತೆಗೆ ಸಹಾಯದ ಕ್ಲಾಸ್ ಇರುತ್ತದೆ, ಕೇಳಿ ಸೇರಿಸಿ. ಮೂರು ಸಲದ ಮಿತಿ ಇರುವಾಗ ಮೊದಲ ಸಲ ತಯಾರಿಲ್ಲದೆ ಹೋಗುವುದು ದುಬಾರಿ.

ಅರ್ಜಿ, ಓರಿಯೆಂಟೇಷನ್, ಎಜುಕೇಷನ್ ಪ್ಲಾನ್, ಎಲ್ಲ ಆನ್‌ಲೈನ್, ಬೇಗ ಮಾಡಿ ಮುಗಿಸಿ. ಹಾಗಾದರೆ ರಿಜಿಸ್ಟ್ರೇಷನ್ ತಾರೀಖು ಮುಂಚೆ ಸಿಗುತ್ತದೆ. ವೇಟ್‌ಲಿಸ್ಟ್ ಇದ್ದರೂ ಮೊದಲ ಕ್ಲಾಸಿಗೆ ಹೋಗಿ. ಸೀಟ್ ಸಿಕ್ಕಿದವರು ತಪ್ಪಿಸಿದರೆ ಹೆಸರು ತೆಗೆಯುತ್ತಾರೆ.

ಎಚ್-4ನಲ್ಲಿ (ಎಚ್-1ಬಿ ಕೆಲಸಗಾರರ ಕುಟುಂಬದ ವೀಸಾ) ಬಂದು ಮತ್ತೆ ಓದಲು ಹೊರಟ ಅಕ್ಕ ತಂಗಿಯರಿಗೆ ಒಂದು ಮಾತು. ಇಲ್ಲಿ ಒಂದು ವರ್ಷ ಒಂದು ದಿನ ವಾಸ ಮಾಡಿ, ಇಲ್ಲೇ ನೆಲೆಸುವ ಉದ್ದೇಶಕ್ಕೆ ದಾಖಲೆ ತೋರಿಸಿದರೆ ನಿಮಗೆ ರೆಸಿಡೆಂಟ್ ಫೀ. ಯೂನಿಟ್‌ಗೆ (ಕೋರ್ಸಿನ ಅಳತೆ, ಕ್ರೆಡಿಟ್) 46 ಡಾಲರ್. ಅದಿಲ್ಲದಿದ್ದರೆ ಅದರ ಹಲವು ಪಟ್ಟು. ಇಂಗ್ಲಿಷ್ ಮಾತಿನ ಅಭ್ಯಾಸಕ್ಕೆ ಮಾತ್ರ ಹೋಗುವವರು ನಾನ್‌ಕ್ರೆಡಿಟ್ ಕ್ಲಾಸ್ (ಡಿಗ್ರಿಯ ಲೆಕ್ಕಕ್ಕೆ ಬರದ ಕ್ಲಾಸ್) ಕೇಳಿ. ಅದಕ್ಕೆ ಫೀಯೂ ಇಲ್ಲ, ಎಷ್ಟು ಸಲ ಸೇರಬಹುದು ಎಂಬ ಮಿತಿಯೂ ಇಲ್ಲ, ಗ್ರೇಡಿನ ಭಯವೂ ಇಲ್ಲ. ಊರಿನಲ್ಲಿ ಲೆಕ್ಚರರ್ ಆಗಿದ್ದವರು, ಬ್ಯಾಂಕಿನಲ್ಲಿದ್ದವರು ಇಲ್ಲಿ ವರ್ಷಗಟ್ಟಲೆ ಅಡುಗೆಮನೆಯಲ್ಲೇ ಉಳಿದು ಮಂಕಾಗಿದ್ದನ್ನು ಕಂಡಿದ್ದೇನೆ. ಕ್ಲಾಸಿಗೆ ಹೋಗಲು ಶುರು ಮಾಡಿದ ಮೇಲೆ ಅವರ ಮಾತಿನ ಧಾಟಿಯೇ ಬದಲಾಯಿತು. ದಯವಿಟ್ಟು ಹೋಗಿ.

ಕೊನೆಯದಾಗಿ, ಮಕ್ಕಳು ಎಚ್-4ನಲ್ಲಿ ಇರುವ ಮನೆಗಳಿಗೆ. 21 ತುಂಬಿದ ದಿನ ಎಚ್-4 ಮುಗಿಯುತ್ತದೆ. ಎರಡನೇ ಕ್ಲಾಸಿನಿಂದ ಇಲ್ಲೇ ಓದಿದ ಮಗು, ಸ್ವಂತ ಊರು ಎಂದರೆ ಸನಿವೇಲ್ ಎಂದುಕೊಂಡಿರುವ ಮಗು, ಅದೇ ಕಾಲೇಜಿನಲ್ಲಿ ವಿದೇಶಿ ವಿದ್ಯಾರ್ಥಿ ಆಗಬೇಕಾಗುತ್ತದೆ. ಎಫ್-1ಗೆ (ವಿದ್ಯಾರ್ಥಿ ವೀಸಾ) ಬದಲಾದರೆ ರೆಸಿಡೆಂಟ್ ಫೀ ಹೋಗುತ್ತದೆ. ಇಲ್ಲಿಯವರೆಗೆ ನಾನು ಹೇಳಿದ ಸಲಹೆಯೂ ಆಗ ಬದಲಾಗುತ್ತದೆ. ಎಫ್-1ನಲ್ಲಿ ಟರ್ಮ್‌ಗೆ 12 ಯೂನಿಟ್ ಇರಲೇಬೇಕು, ಅದರಲ್ಲಿ ಪೂರ್ತಿ ಆನ್‌ಲೈನ್ ಕ್ಲಾಸ್ ಒಂದೇ ಲೆಕ್ಕಕ್ಕೆ ಬರುತ್ತದೆ. ಎಚ್-4ನಲ್ಲಿ ಇದ್ದಾಗ ಧೈರ್ಯವಾಗಿ ಬಿಡಬಹುದಾಗಿದ್ದ ಕೋರ್ಸನ್ನು ಈಗ ಇಂಟರ್‌ನ್ಯಾಷನಲ್ ಆಫೀಸಿನ ಅನುಮತಿ ಮೊದಲೇ ಪಡೆಯದೆ ಬಿಟ್ಟು 12ಕ್ಕಿಂತ ಕೆಳಗೆ ಬಂದರೆ ವೀಸಾಕ್ಕೇ ಕುತ್ತು. ಹಾಗಾಗಿ ಮಗುವಿಗೆ 18 ಆದಾಗಲೇ ಕೂತು ಲೆಕ್ಕ ಹಾಕಿ. ಯಾವ ಟರ್ಮ್‌ನಲ್ಲಿ 21 ತುಂಬುತ್ತದೆ, ಅಷ್ಟರೊಳಗೆ ಯಾವ ಕಷ್ಟದ ಕೋರ್ಸುಗಳು ಮುಗಿಯಬೇಕು, ಯಾವುದರಲ್ಲಿ ಈಗಾಗಲೇ ಒಂದು ಸಲ ಹೋಗಿದೆ ಎಂದು. ಆ ಹಾಳೆ ಹಿಡಿದು ಮೊದಲು ಇಮಿಗ್ರೇಷನ್ ವಕೀಲರ ಹತ್ತಿರ, ಆಮೇಲೆ ಕಾಲೇಜಿನ ಕೌನ್ಸೆಲರ್ ಹತ್ತಿರ ಹೋಗಿ. ಮಗುವನ್ನೂ ಜೊತೆಗೆ ಕರೆದುಕೊಂಡು ಹೋಗಿ.