ನಡುವಯಸ್ಸಿನಲ್ಲಿ ಮೊಡವೆಯೂ ಸುಕ್ಕೂ ಒಟ್ಟಿಗೆ ಬಂದಾಗ

ಋತುಬಂಧ ಸಮೀಪಿಸಿದಂತೆ ಈಸ್ಟ್ರೋಜನ್ ಇಳಿದು ಮಹಿಳೆಯರ ಚರ್ಮ ತೆಳುವಾಗಿ ಒಣಗುತ್ತದೆ. ಅದೇ ಹೊತ್ತಿಗೆ ಗದ್ದ ಮತ್ತು ದವಡೆಯ ಅಂಚಿನಲ್ಲಿ ನೋಯುವ ಮೊಡವೆಗಳೂ ಏಳಬಹುದು. ಹದಿಹರೆಯದಲ್ಲಿ ಬಳಸುತ್ತಿದ್ದ ಕಟುವಾದ ಫೇಸ್‌ವಾಶ್, ಸ್ಕ್ರಬ್‌ಗಳನ್ನು ಮೊದಲು ಬಿಡಬೇಕು.

ಮೊಡವೆ, ಸುಕ್ಕು ಎರಡಕ್ಕೂ ಒದಗುವ ಔಷಧವೆಂದರೆ ವಿಟಮಿನ್ ಎ ವರ್ಗದ ರೆಟಿನಾಯ್ಡ್; ಅಡಾಪಲೀನ್ ಅಂಥದ್ದೊಂದು. ರಾತ್ರಿ ಮುಖ ತೊಳೆದು, ಚರ್ಮ ಪೂರ್ತಿ ಒಣಗಿದ ನಂತರ, ಬಟಾಣಿ ಕಾಳಿನಷ್ಟು 0.1% ಅಡಾಪಲೀನ್ ಜೆಲ್ಲನ್ನು, ಮೊಡವೆಯ ಮೇಲಷ್ಟೇ ಅಲ್ಲದೆ, ಕಣ್ಣು ತುಟಿಗಳ ಸುತ್ತ ಬಿಟ್ಟು ಇಡೀ ಮುಖಕ್ಕೆ ತೆಳುವಾಗಿ ಹಚ್ಚಿ, ಮೇಲೆ ಮಾಯಿಶ್ಚರೈಸರ್ ಲೇಪಿಸಬೇಕು. ಆರಂಭದಲ್ಲಿ ವಾರಕ್ಕೆ ಎರಡು ಮೂರು ರಾತ್ರಿ ಸಾಕು. ಸ್ವಲ್ಪ ಸಿಪ್ಪೆ ಏಳುವುದು ಸಹಜ. ಮೊಡವೆ ಇಳಿಯಲು 8ರಿಂದ 12 ವಾರ, ಸುಕ್ಕು ಮಸುಕಾಗಲು ಹಲವು ತಿಂಗಳು ಬೇಕಾಗುವುದರಿಂದ ದಯವಿಟ್ಟು ನಡುವೆ ಕೈಬಿಡಬೇಡಿ. ಬೆಳಿಗ್ಗೆ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ತಪ್ಪಿಸುವಂತಿಲ್ಲ.

ಗರ್ಭಿಣಿಯರು ರೆಟಿನಾಯ್ಡ್ ಬಳಸಬಾರದು. ಕಲೆ ಉಳಿಸುವ ಗಂಟುಮೊಡವೆಗಳಿದ್ದರೆ ತಡಮಾಡದೆ ಚರ್ಮವೈದ್ಯರನ್ನು ಕಾಣಬೇಕು.