ಹಳೇ ಹೈ-ಫೈ ಸ್ಪೀಕರ್: ನೋಡಿ ತಗೊಳ್ಳೋದು, ಬೆಳಗಾವಿ ಮಳೆಯಲ್ಲಿ ಉಳಿಸಿಕೊಳ್ಳೋದು

ಹಳೇ ಸ್ಪೀಕರ್ ನೋಡಲು ಹೋಗುವಾಗ ಜೊತೆಗೆ ಒಂದು ಟಾರ್ಚ್, ಒಂದು ಮಲ್ಟಿಮೀಟರ್, ಒಂದು ಪೆನ್ಸಿಲ್ ಸೆಲ್, ಎರಡು ತುಂಡು ವೈರ್ ಇರಲಿ. ದುಡ್ಡನ್ನು ಮೊದಲ ದಿನ ಮನೆಯಲ್ಲೇ ಬಿಟ್ಟು ಹೋದರೂ ನಡೆಯುತ್ತದೆ, ಅದೇ ಒಳ್ಳೆಯದು ಕೂಡ.

ಮಾರುವವರು ಮೊದಲು ಹೇಳುವುದು ಕಂಪನಿ ಹೆಸರು. "ಫಾರಿನ್ ಮಾಲ್ ರೀ, ದುಬೈದಿಂದ ತಂದದ್ದು, ಹಾಡು ಹಚ್ಚಿದ್ರ ಮನಿ ನಡಗತೈತಿ." ಕೇಳಿ, ತಲೆ ಆಡಿಸಿ, ಆಮೇಲೆ ಮುಂದಿನ ಬಟ್ಟೆಯ ಜಾಲರಿ ತೆಗೆಯಲು ಹೇಳಿ. ನಾನಂತೂ ಬೆಲೆ ಕಟ್ಟುವುದು ಕೋನಿನ (ಅಲುಗಾಡಿ ಸದ್ದು ಮಾಡುವ ಬಟ್ಟಲಿನಂಥ ಭಾಗ) ಅಂಚು ನೋಡಿ, ಹೆಸರು ಆಮೇಲೆ.

ಅಂಚು ಅಂದರೆ ಕೋನ್ ಮತ್ತು ಕಬ್ಬಿಣದ ಫ್ರೇಮಿನ ನಡುವೆ ಇರುವ ಮೆತ್ತನೆ ಉಂಗುರ. ಅದು ಮೂರು ಬಗೆ: ಬಟ್ಟೆ, ರಬ್ಬರ್, ಫೋಮ್. ಬಟ್ಟೆಯದ್ದು 50 ವರ್ಷ ಆದರೂ ಸಾಮಾನ್ಯವಾಗಿ ಗಟ್ಟಿ ಇರುತ್ತದೆ. ರಬ್ಬರ್ ಕೂಡ ಬಾಳುತ್ತದೆ, ಕೆಲವು ಮಾತ್ರ ಬಿರುಸಾಗಿ ಸೀಳುತ್ತವೆ. ಫೋಮ್ ಹಾಗಲ್ಲ. ಗಾಳಿಯ ತೇವ ಸೇರಿಕೊಂಡು ಅದು ಒಳಗಿಂದಲೇ ಒಡೆಯುತ್ತಾ ಹೋಗುತ್ತದೆ, 15-20 ವರ್ಷಕ್ಕೆ ಬೆರಳು ತಾಗಿದರೆ ಪುಡಿ ಉದುರುವ ಸ್ಥಿತಿಗೆ ಬರುತ್ತದೆ. ಹಾಡು ಹಚ್ಚಿದರೂ ಹೋಗುತ್ತದೆ, ಸುಮ್ನೆ ಮೂಲೆಯಲ್ಲಿ ಇಟ್ಟರೂ ಹೋಗುತ್ತದೆ. ಹಾಗಾಗಿ "ಬಳಸೇ ಇಲ್ಲ ರೀ, ಹೊಸದರಂಗ ಐತಿ" ಅನ್ನುವ ಮಾತಿಗೆ ಫೋಮ್ ವಿಷಯದಲ್ಲಿ ಅರ್ಥವೇ ಇಲ್ಲ. ಟಾರ್ಚ್ ಹಿಡಿದು ಉಂಗುರದ ಸುತ್ತ ನೋಡಿ. ಸಣ್ಣ ಬಿರುಕು, ಅಂಟು ಮೆತ್ತಿದ ಕಲೆ, ಮೇಲೆ ಬಳಿದ ಕಪ್ಪು ಬಣ್ಣ, ಇವೆಲ್ಲ ಮುಚ್ಚಿಟ್ಟ ಹರುಕಿನ ಗುರುತು.

ಫೋಮ್ ಹೋಗಿದೆ ಅಂದ ಮಾತ್ರಕ್ಕೆ ಬಿಟ್ಟು ಬರಬೇಕಿಲ್ಲ. ಅದು ರಿಪೇರಿ ಆಗುವ ರೋಗ. ಎರಡೂ ಬಾಕ್ಸಿನ ರಿಪೇರಿ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ, ಅಷ್ಟೇ.

ನಮ್ಮ ಕಡೆ ಇವು ಎಲ್ಲಿಂದ ಬರುತ್ತವೆ? 1991ರ ತನಕ ಹೊರಗಿನ ಹೈ-ಫೈ ಸಾಮಾನು ತರಿಸುವುದು ಕಷ್ಟವಿತ್ತು, ಹಾಗಾಗಿ ಆಗಿನ ಕಾಲದ ಫಾರಿನ್ ಸ್ಪೀಕರ್ ಬಹಳಷ್ಟು ಕೊಲ್ಲಿ ದೇಶಕ್ಕೆ ಅಥವಾ ಹಡಗಿನ ಕೆಲಸಕ್ಕೆ ಹೋಗಿ ಬಂದವರ ಸಾಮಾನಿನ ಜೊತೆ ಬಂದದ್ದು. ಬೆಳಗಾವಿಗೆ ಗೋವಾ ಹತ್ತಿರ, ಕೊಲ್ಲಾಪುರ ಹತ್ತಿರ, ಪುಣೆಗೂ ಒಂದೇ ಹೆದ್ದಾರಿ. ಕ್ಯಾಂಪ್, ಟಿಳಕವಾಡಿ ಕಡೆಯ ಹಳೇ ಮನೆಗಳಲ್ಲೂ ಕೇಳಿ ನೋಡಬಹುದು. ಮನೆ ಖಾಲಿ ಮಾಡುವವರಿಂದ ನೇರವಾಗಿ ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು, ಯಾಕಂದ್ರೆ ನಡುವೆ ಯಾರೂ ಕೈ ಹಾಕಿರುವುದಿಲ್ಲ. ದೇಶಿ ಮಾಲನ್ನು ಕೀಳಾಗಿ ನೋಡಬೇಡಿ. 1970ರಲ್ಲಿ ಕೋಲ್ಕತ್ತದಲ್ಲಿ ಶುರುವಾದ ಸೋನೋಡೈನ್ ಕಂಪನಿಯ ಹಳೇ ಜೋಡಿ ಸರಿಯಾಗಿದ್ದರೆ, ಅರ್ಧ ಸತ್ತ ವಿಲಾಯತಿ ಜೋಡಿಗಿಂತ ಅದನ್ನೇ ತಗೊಳ್ಳಿ.

ಈಗ ಪರೀಕ್ಷೆ. ಮೊದಲು ಕೈಯಿಂದ. ಎರಡೂ ಕೈ ಬೆರಳುಗಳನ್ನು ವೂಫರ್ (ಕೆಳಗಿನ ಸ್ವರದ ದೊಡ್ಡ ಸ್ಪೀಕರ್) ಕೋನಿನ ಎದುರು-ಬದುರು ಇಡಿ, ಮಧ್ಯದ ಟೋಪಿ ಮುಟ್ಟಬೇಡಿ, ಸಮನಾಗಿ ಮೆಲ್ಲಗೆ ಒತ್ತಿ ಬಿಡಿ. ಸದ್ದಿಲ್ಲದೆ ಹೋಗಿ ಬರಬೇಕು. ಕರಕರ ಅಂತ ತಿಕ್ಕುವ ಸದ್ದು ಬಂದರೆ ವಾಯ್ಸ್ ಕಾಯಿಲ್, ಅಂದರೆ ಕೋನಿನ ಹಿಂದಿನ ತಂತಿ ಸುರುಳಿ, ಮ್ಯಾಗ್ನೆಟ್ಟಿಗೆ ತಾಗುತ್ತಿದೆ. ಕಾಯಿಲ್ ಸುಟ್ಟು ಉಬ್ಬಿರಬಹುದು, ಅಥವಾ ಬಾಕ್ಸ್ ಎಲ್ಲೋ ಬಿದ್ದು ಮ್ಯಾಗ್ನೆಟ್ ಜರುಗಿರಬಹುದು. ಕೋನ್ ಅಲ್ಲಾಡುವುದೇ ಇಲ್ಲ ಅಂದರೆ ಖಂಡಿತ ಬಿಡಿ. ಗಾಳಿ ತೂತು ಇಲ್ಲದ, ಪೂರ್ತಿ ಮುಚ್ಚಿದ ಬಾಕ್ಸ್‌ಗಳೂ ಇವೆ. ಅಮೆರಿಕದ ಅಕೌಸ್ಟಿಕ್ ರಿಸರ್ಚ್ ಕಂಪನಿ 1954ರಲ್ಲಿ ಎಆರ್-1 ಮೂಲಕ ಈ ಪದ್ಧತಿಯನ್ನು ಮಾರುಕಟ್ಟೆಗೆ ತಂದಿತು, ಅದರಲ್ಲಿ ಒಳಗಿನ ಗಾಳಿಯೇ ಸ್ಪ್ರಿಂಗ್. ಅಂಥದ್ದರಲ್ಲಿ ಒತ್ತಿ ಬಿಟ್ಟ ಕೋನ್ ನಿಧಾನವಾಗಿ ವಾಪಸ್ ಬರಬೇಕು, ಪಟ್ ಅಂತ ಬಂದರೆ ಎಲ್ಲೋ ಗಾಳಿ ಸೋರುತ್ತಿದೆ.

ಇಲ್ಲಿ ಒಂದು ಮಾತು. ಸೆಲೆಶನ್ ಕಂಪನಿಯ ಡಿಟ್ಟನ್ 15 ಥರದ ಬಾಕ್ಸಿನಲ್ಲಿ ವೂಫರ್ ಜೊತೆಗೆ ಇನ್ನೊಂದು ಕೋನ್ ಕಾಣುತ್ತದೆ, ಅದಕ್ಕೆ ವೈರೇ ಇರುವುದಿಲ್ಲ. ಅದು ಸತ್ತ ಸ್ಪೀಕರ್ ಅಲ್ಲ, ವೂಫರಿನ ಗಾಳಿಗೆ ಆಡುವ ಕೋನ್. ಗೊತ್ತಿಲ್ಲದ ರಿಪೇರಿಯವರು ಅದಕ್ಕೂ ವೈರ್ ಹುಡುಕುತ್ತಾ ಕೂರುತ್ತಾರೆ. ಬೋಸ್ 901 ಸಿಕ್ಕರೆ, 1968ರಲ್ಲಿ ಬಂದ ಮಾಡೆಲ್ ಅದು, ಒಂದೊಂದು ಬಾಕ್ಸಿನಲ್ಲಿ 9 ಸ್ಪೀಕರ್, ಅದರ ಜೊತೆಯ ಈಕ್ವಲೈಝರ್ (ಸ್ವರಗಳ ಏರಿಳಿತ ಸರಿಮಾಡುವ) ಡಬ್ಬಿ ಕೇಳದೆ ದುಡ್ಡು ಕೊಡಬೇಡಿ. ಆ ಡಬ್ಬಿ ಇಲ್ಲದಿದ್ದರೆ ಬಾಕ್ಸ್ ಎಷ್ಟು ಚೆನ್ನಾಗಿದ್ದರೂ ಸದ್ದು ಪೇಲವ.

ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಹಿಂದಿನ ಎರಡು ಟರ್ಮಿನಲ್‌ಗೆ ಹಿಡಿಯಿರಿ. 8 ಓಮ್ ಅಂತ ಬರೆದ ಸ್ಪೀಕರ್ ಸಾಮಾನ್ಯವಾಗಿ 5.5ರಿಂದ 7ರ ನಡುವೆ, 4 ಓಮಿನದ್ದು 3ರಿಂದ 3.5ರ ಹತ್ತಿರ ತೋರಿಸುತ್ತದೆ. ಎಡ-ಬಲದ ನಡುವೆ ಜಾಸ್ತಿ ಫರಕು ಇದ್ದರೆ ಒಂದರ ವೂಫರ್ ಬದಲಾಗಿದೆ ಅಂತ ಅನುಮಾನ ಪಡಿ. ಈ ಲೆಕ್ಕ ವೂಫರಿನದು ಮಾತ್ರ. ಟ್ವೀಟರ್ (ಮೇಲಿನ ಸ್ವರದ ಸಣ್ಣ ಸ್ಪೀಕರ್) ಮುಂದೆ ಕಂಡೆನ್ಸರ್ ಇರುವುದರಿಂದ ಮೀಟರಿಗೆ ಅದು ಕಾಣುವುದೇ ಇಲ್ಲ, ಅದಕ್ಕೆ ಕಿವಿಯೇ ಬೇಕು. ಆಮೇಲೆ ಪೆನ್ಸಿಲ್ ಸೆಲ್: ಮೈನಸ್ ವೈರನ್ನು ಕಪ್ಪು ಟರ್ಮಿನಲ್‌ಗೆ ಹಿಡಿದು, ಪ್ಲಸ್ ವೈರನ್ನು ಕೆಂಪು ಟರ್ಮಿನಲ್‌ಗೆ ಒಂದು ಕ್ಷಣ ತಾಗಿಸಿ ತೆಗೆಯಿರಿ. ಟಪ್ ಅಂತ ಕೋನ್ ಹೊರಗೆ ಜಿಗಿಯಬೇಕು. ಹಳೇ ಜೆಬಿಎಲ್‌ಗಳಲ್ಲಿ ಇದು ಉಲ್ಟಾ, ಒಳಗೆ ಹೋಗುತ್ತದೆ, ಗಾಬರಿ ಬೇಡ. ಮುಖ್ಯ ಅಂದರೆ ಎರಡೂ ಒಂದೇ ಕಡೆ ಹೋಗಬೇಕು.

ಕೊನೆಗೆ, "ಕಾಕಾ, ಸ್ವಲ್ಪ ಹಚ್ಚಿ ತೋರಸ್ರಿ" ಅನ್ನಿ, ಆದರೆ ಹಾಡು ನಿಮ್ಮದೇ ಇರಲಿ. ಅಂಗಡಿಯವರು ಹಚ್ಚುವುದು ಢಂ ಢಂ ಅನ್ನುವ ಹಾಡು, ಅದರಲ್ಲಿ ಯಾವ ದೋಷವೂ ಕಾಣುವುದಿಲ್ಲ. ನಾನು ಹೇಳುವುದು ಹಳೇ ಮೋನೋ (ಎರಡೂ ಬಾಕ್ಸಿಗೆ ಒಂದೇ ಸದ್ದು ಹೋಗುವ) ಶಾಸ್ತ್ರೀಯ ಸಂಗೀತ. ಇಲ್ಲೇ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರ ಯಾವುದಾದರೂ ಹಳೇ ರೆಕಾರ್ಡಿಂಗ್ ಸಾಕು. ಮೋನೋ ಆದ್ದರಿಂದ ಧ್ವನಿ ಎರಡು ಬಾಕ್ಸಿನ ನಟ್ಟನಡುವೆ ಕೂತಿರಬೇಕು. ಒಂದು ಕಡೆಗೆ ವಾಲಿದರೆ ಆಂಪ್ಲಿಫೈಯರ್ ಬದಿಯಲ್ಲಿ ಎಡ-ಬಲದ ವೈರ್ ಅದಲು-ಬದಲು ಮಾಡಿ. ಧ್ವನಿ ಆಗಲೂ ಅದೇ ಬಾಕ್ಸಿನ ಕಡೆ ಉಳಿದರೆ ತಪ್ಪು ಬಾಕ್ಸಿನದು, ಇನ್ನೊಂದು ಕಡೆ ಹಾರಿದರೆ ಆಂಪ್ಲಿಫೈಯರಿನದು. ತಂಬೂರಿ ಬರುವಾಗ ಒಂದೊಂದೇ ಟ್ವೀಟರಿನ ಹತ್ತಿರ ಕಿವಿ ಇಡಿ, ಒಂದು ಮಂಕಾಗಿದ್ದರೆ ಕಂಡೆನ್ಸರ್ ಒಣಗಿದೆ ಅಥವಾ ಟ್ವೀಟರೇ ಹೋಗಿದೆ. ತಬಲಾದ ಡಗ್ಗಾ ಬಂದಾಗ ವೂಫರ್ ಗೊರಗೊರ ಅಂದರೆ ಅಂಚಿಗೆ ವಾಪಸ್ ಹೋಗಿ ನೋಡಿ. ಬಾಕ್ಸಿನಲ್ಲಿ ಟ್ವೀಟರ್ ಜೋರು-ಮೆತ್ತಗೆ ಮಾಡುವ ಗುಂಡಿ ಇದ್ದರೆ ಹತ್ತಾರು ಸಲ ತಿರುಗಿಸಿ, ಎಷ್ಟೋ ಸಲ ಸತ್ತಿತ್ತು ಅಂದುಕೊಂಡ ಟ್ವೀಟರ್ ಅಲ್ಲೇ ಎದ್ದು ಬರುತ್ತದೆ. ತುಕ್ಕು ಅಷ್ಟೇ.

ಬಿಟ್ಟು ಬರಬೇಕಾದ್ದು: ಜರುಗಿದ ಮ್ಯಾಗ್ನೆಟ್, ಒಂದೇ ಬದಿಯಲ್ಲಿ ಬದಲಾದ ಸ್ಪೀಕರ್, ಗೆದ್ದಲು, ನೀರು ಕುಡಿದು ಅಡಿ ಉಬ್ಬಿದ ಬಾಕ್ಸ್. ಹೊಟ್ಟಿನ ಹಲಗೆ ಒಮ್ಮೆ ಉಬ್ಬಿದರೆ ಮತ್ತೆ ಇಳಿಯುವುದಿಲ್ಲ.

ಫೋಮ್ ಹಾಕಿಸುವುದು

ಇದನ್ನು ಯಾರಿಗೆ ಕೊಡುತ್ತೀರಿ ಅನ್ನುವುದು ನೋಡಬೇಕಾದ್ದು. ಗಣಪತಿ ಹಬ್ಬದ ಡಾಲ್ಬಿ ಸೆಟ್ (ಮೆರವಣಿಗೆಯ ದೊಡ್ಡ ಸೌಂಡ್ ಸಿಸ್ಟಮ್) ರಿಪೇರಿ ಮಾಡುವವರ ಕೈ ಚುರುಕು, ಒಪ್ಪುತ್ತೇನೆ, ಆದರೆ ಅವರಿಗೆ ಅಭ್ಯಾಸ ಇರುವುದು ಗಟ್ಟಿ ಅಂಚಿನ, ಬೀದಿಗೆ ಕೇಳಿಸುವ ಸ್ಪೀಕರಿನದು. ಮನೆಯ ಹೈ-ಫೈ ವೂಫರಿಗೆ ಅಂಥ ಬಿಗಿ ಬಟ್ಟೆಯ ಅಂಚು ಅಂಟಿಸಿದರೆ ಕೆಳಗಿನ ಸ್ವರ ಎಲ್ಲಾ ಮಾಯ. "ಕೋನ್ ಬದಲಿಸಬೇಡ್ರಿ, ಅಂಚು ಅಷ್ಟೇ, ಮೊದಲಿನಷ್ಟೇ ಮೆತ್ತಗಿನ ಫೋಮ್" ಅಂತ ಬಿಡಿಸಿ ಹೇಳಿ. ತಾಳ್ಮೆ ಇದ್ದರೆ ನೀವೇ ಮಾಡಬಹುದು. ಫ್ರೇಮಿನ ಒಳ ಅಳತೆ, ಕೋನಿನ ಹೊರ ಅಳತೆ, ಉಬ್ಬಿನ ಅಗಲ, ಮೂರನ್ನೂ ಮಿಲಿಮೀಟರಿನಲ್ಲಿ ಬರೆದುಕೊಂಡು ಅದೇ ಅಳತೆಯ ಉಂಗುರ ಆನ್‌ಲೈನಿನಲ್ಲಿ ತರಿಸಿ. ಹಳೇ ಫೋಮ್ ಮತ್ತು ಅಂಟನ್ನು ಮೊಂಡ ಚಾಕುವಿನಿಂದ, ಐಸೋಪ್ರೊಪೈಲ್ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ನಿಧಾನವಾಗಿ ತೆಗೆಯಿರಿ. ಮೊದಲು ಉಂಗುರವನ್ನು ಕೋನಿಗೆ ಅಂಟಿಸಿ ಒಣಗಲು ಬಿಡಿ. ಆಮೇಲೆ ಫ್ರೇಮಿಗೆ ಅಂಟಿಸುವಾಗ, ಮೊಬೈಲಿನಿಂದ 30 ಹರ್ಟ್ಸಿನ (ತುಂಬಾ ಕೆಳಗಿನ ಸ್ವರದ) ಸದ್ದನ್ನು ಆಂಪ್ಲಿಫೈಯರ್ ಮೂಲಕ ತುಂಬಾ ಸಣ್ಣದಾಗಿ ಕೊಡುತ್ತಾ, ತಿಕ್ಕುವ ಸದ್ದು ಇಲ್ಲದ ಜಾಗಕ್ಕೆ ಕೋನನ್ನು ಸರಿಸಿ ಕೂರಿಸಿ. ಒಂದು ದಿನ ಪೂರ್ತಿ ಮುಟ್ಟಬೇಡಿ. ಫೆವಿಕ್ವಿಕ್ ಥರದ ಅಂಟು ಬೇಡವೇ ಬೇಡ. ಅದು ಕಲ್ಲಾಗುತ್ತದೆ, ಸರಿಸಲು ಸಮಯವೂ ಕೊಡುವುದಿಲ್ಲ. ಒಂದೇ ಹೋಗಿದ್ದರೂ ಎರಡಕ್ಕೂ ಹಾಕಿ.

ಒಳಗಿನ ಕಂಡೆನ್ಸರ್ ಬದಲಿಸುವುದಾದರೆ ಹಳೆಯದರ ಮೈಮೇಲೆ ಬರೆದ ಅದೇ ಮೈಕ್ರೋಫ್ಯಾರಡ್ ಇರಲಿ, ಪ್ಲಸ್-ಮೈನಸ್ ಇಲ್ಲದ ಬಗೆಯದೇ ಇರಲಿ. ದುಬಾರಿ ಫಿಲ್ಮ್ ಕಂಡೆನ್ಸರ್ ಹಾಕಿದರೆ ಕೆಲವು ಬಾಕ್ಸಿನಲ್ಲಿ ಟ್ವೀಟರ್ ಮೊದಲಿಗಿಂತ ಚುರುಕಾಗಿ ಕಿವಿಗೆ ಚುಚ್ಚುತ್ತದೆ.

ಮನೆಗೆ ತಂದ ಮೇಲೆ

ಬೆಳಗಾವಿ ಮಳೆಗಾಲದಲ್ಲಿ ಶತ್ರು ಥಂಡಿ, ಅಂದರೆ ತೇವ. ಹೊರಗಿನ ಗೋಡೆಗೆ ಒತ್ತಿ ಇಡಬೇಡಿ, ಒಂದು-ಒಂದೂವರೆ ಅಡಿ ಬಿಡಿ. ಗಾಳಿಯೂ ಆಡುತ್ತದೆ, ಬೇಸ್ ಗುಂಯ್‌ಗುಟ್ಟುವುದೂ ಕಮ್ಮಿ ಆಗುತ್ತದೆ. ಆದರೆ ಬಾಕ್ಸ್‌ಗಳನ್ನು ಹೆಚ್ಚು ಕೊಲ್ಲುವುದು ಮಳೆಯಲ್ಲ, ನೆಲ ಒರೆಸುವ ಬಟ್ಟೆ. ದಿನಾ ಒದ್ದೆ ಬಟ್ಟೆ ಅಡಿಗೆ ತಾಗಿ ತಾಗಿ ಹಲಗೆ ನೀರು ಕುಡಿಯುತ್ತದೆ. ಉಳಿದ ಗ್ರಾನೈಟ್ ಅಥವಾ ಫರಶಿ ತುಂಡಿನ ಮೇಲೆ ರಬ್ಬರ್ ಬಿಲ್ಲೆ ಇಟ್ಟು ಕೂರಿಸಿ. ಸಣ್ಣ ಬಾಕ್ಸ್ ಆದರೆ ಸ್ಟ್ಯಾಂಡ್ ಮಾಡಿಸಿ, ಕೂತಾಗ ಟ್ವೀಟರ್ ಕಿವಿಯ ಎತ್ತರಕ್ಕೆ ಬರಬೇಕು. ಷೋಕೇಸಿನ ಒಳಗೆ ತುರುಕಬೇಡಿ. ಟೈಲ್ಸ್ ನೆಲ, ಖಾಲಿ ಗೋಡೆ ಇರುವ ಕೋಣೆಯಲ್ಲಿ ಸದ್ದು ಸಿಡಿಯುತ್ತದೆ, ಮುಂದೆ ಒಂದು ಜಮಖಾನೆ ಹಾಸಿ ನೋಡಿ, ಫರಕು ಆಗಲೇ ಗೊತ್ತಾಗುತ್ತದೆ.

ಬಾಗಲಕೋಟೆ, ವಿಜಯಪುರದವರಿಗೆ ಥಂಡಿಗಿಂತ ಧೂಳು, ಬಿಸಿಲು ಜಾಸ್ತಿ. ಜಾಲರಿ ಯಾವಾಗಲೂ ಹಾಕಿರಲಿ. ಕೋನಿನ ಧೂಳಿಗೆ ಮೆತ್ತನೆ ಬ್ರಶ್ ಮಾತ್ರ, ಒದ್ದೆ ಬಟ್ಟೆ ಬೇಡ, ಫೋಮಿಗೆ ಎಣ್ಣೆ-ಗಿಣ್ಣೆ ಹಚ್ಚುವ ಉಪಾಯ ಯಾರು ಹೇಳಿದರೂ ಬೇಡ. ಕಿಟಕಿಯ ಬಿಸಿಲು ಬೀಳುವ ಕಡೆ ಇಟ್ಟರೆ ಹೊರಗಿನ ಮರದ ಪದರ ಎದ್ದು ಬರುತ್ತದೆ. ಮಕ್ಕಳು ಟ್ವೀಟರಿನ ಗುಮ್ಮಟ ಒತ್ತಿ ತಗ್ಗು ಮಾಡುತ್ತಾರೆ, ಅದನ್ನು ಸೂಜಿಯಿಂದ ಎಬ್ಬಿಸಲು ಹೋಗಬೇಡಿ. ಸದ್ದು ಸರಿ ಇದ್ದರೆ ಹಾಗೇ ಬಿಡಿ.

ಆಂಪ್ಲಿಫೈಯರ್ ಬಗ್ಗೆ ಎಲ್ಲರೂ ವ್ಯಾಟ್ ಕೇಳುತ್ತಾರೆ. ವ್ಯಾಟ್‌ಗಿಂತ ಸ್ಪೀಕರಿನ ಸೆನ್ಸಿಟಿವಿಟಿ ನೋಡಿ, ಅಂದರೆ ಅಷ್ಟೇ ವ್ಯಾಟ್‌ಗೆ ಎಷ್ಟು ಜೋರು ಸದ್ದು ಬರುತ್ತದೆ ಅನ್ನುವ ಲೆಕ್ಕ. 3 ಡೆಸಿಬಲ್ ಕಮ್ಮಿ ಆದರೆ ಅಷ್ಟೇ ಸದ್ದಿಗೆ ಎರಡರಷ್ಟು ವ್ಯಾಟ್ ಬೇಕು, 6 ಕಮ್ಮಿ ಆದರೆ ನಾಲ್ಕರಷ್ಟು. ಮುಚ್ಚಿದ ಬಾಕ್ಸಿನ ಹಳೇ ಸ್ಪೀಕರ್‌ಗಳು ಬಹಳಷ್ಟು ಈ ವಿಷಯದಲ್ಲಿ ಸೋಮಾರಿ. ಅವಕ್ಕೆ ಸಣ್ಣ ಆಂಪ್ಲಿಫೈಯರ್ ಹಾಕಿ ವಾಲ್ಯೂಮ್ ಕೊನೆಗೆ ತಿರುಗಿಸಿದರೆ ಸದ್ದು ಒಡೆಯುತ್ತದೆ, ಆ ಒಡೆದ ಸದ್ದೇ ಟ್ವೀಟರನ್ನು ಸುಡುತ್ತದೆ. ಮತ್ತೆ ನಮ್ಮಲ್ಲಿ ಕರೆಂಟ್ ಹೋಗಿ ಬರುವುದು ಇದ್ದೇ ಇದೆ. ಹೋದ ಕೂಡಲೇ ಆಂಪ್ಲಿಫೈಯರ್ ಸ್ವಿಚ್ ಆರಿಸಿಬಿಡಿ, ಇಲ್ಲದಿದ್ದರೆ ವಾಪಸ್ ಬಂದಾಗ ಧಡ್ ಅಂತ ಬರುವ ಪೆಟ್ಟು ನೇರ ವೂಫರಿಗೆ ಬೀಳುತ್ತದೆ.