ಗುಂಡು ಮೊದಲು, ಮದ್ದು ಆಮೇಲೆ

9 ಎಂಎಂ ಪಿಸ್ತೂಲಿನ ತೋಟಾ ರೀಲೋಡ್ ಮಾಡಲು, ಅಂದರೆ ಹಾರಿಸಿದ ಖಾಲಿ ಕೇಸಿಗೆ (ತೋಟಾದ ಲೋಹದ ಕವಚಕ್ಕೆ) ಮತ್ತೆ ಮದ್ದುಪುಡಿ ತುಂಬಿ ಗುಂಡು ಕೂರಿಸಲು ಹೊರಟವರು ಮೊದಲು ಕೇಳುವುದು "ಯಾವ ಮದ್ದು ಒಳ್ಳೆಯದು?" ಅಂತ. ನಾನು ಗುಂಡಿನಿಂದ ಶುರು ಮಾಡುತ್ತೇನೆ. ಯಾವ ಗುಂಡು ಅಂತ ಗೊತ್ತಾದರೆ ಅರ್ಧ ಮದ್ದುಗಳು ತಾವಾಗಿಯೇ ಪಟ್ಟಿಯಿಂದ ಬಿಟ್ಟುಹೋಗುತ್ತವೆ.

ನಾನು ಹಾಕುವುದು 147 ಗ್ರೇನ್‌ನ (ಗ್ರೇನ್ ಅಂದರೆ ತೂಕದ ಒಂದು ಸಣ್ಣ ಅಳತೆ) ಕೋಟೆಡ್ ಗುಂಡು. ಒಳಗೆ ಸೀಸ, ಮೇಲೆ ಪಾಲಿಮರ್ ಲೇಪನ. ಐಪಿಎಸ್‌ಸಿ ಶೂಟಿಂಗ್ ಸ್ಪರ್ಧೆಯಲ್ಲಿ ಮೈನರ್‌ಗೆ, ಅಂದರೆ ಕಡಿಮೆ ಶಕ್ತಿಯ ತೋಟಾಗಳ ದರ್ಜೆಗೆ, ಪವರ್ ಫ್ಯಾಕ್ಟರ್ (ತೋಟಾದ ಶಕ್ತಿಯ ಅಳತೆ) ಕನಿಷ್ಠ 125 ಬೇಕು. ಗ್ರೇನ್ ತೂಕವನ್ನು ಸೆಕೆಂಡಿಗೆ ಎಷ್ಟು ಅಡಿ ಅನ್ನುವ ವೇಗದಿಂದ ಗುಣಿಸಿ 1000ದಿಂದ ಭಾಗಿಸಬೇಕು, ಅಷ್ಟೇ. ನನ್ನ ಗುರಿ 130ರ ಆಸುಪಾಸು. 124 ಗ್ರೇನ್ ಗುಂಡಿಗೆ ಅದಕ್ಕಾಗಿ 1050 ಅಡಿ ವೇಗ ಬೇಕು, 147ಕ್ಕೆ 885 ಸಾಕು. ಭಾರದ ಗುಂಡಿನ ಒದೆತ ನನ್ನ ಕೈಗೆ ಮೆತ್ತಗೆ ಅನ್ನಿಸುತ್ತದೆ. ಇದು ರುಚಿಯ ವಿಷಯ, ವಾದ ಮಾಡಲ್ಲ.

ಹೊಸ ಕಂಪನಿಯ ಗುಂಡು ಬಂದರೆ ಒಂದನ್ನು ಅಸಿಟೋನ್ ಹಾಕಿದ ಬಟ್ಟೆಯಿಂದ ಉಜ್ಜುತ್ತೇನೆ. ಬಣ್ಣ ಬಟ್ಟೆಗೆ ಹತ್ತಿದರೆ ಲೇಪನ ಸರಿಯಾಗಿ ಬೆಂದಿಲ್ಲ ಅಂತ ಅರ್ಥ. ಇನ್ನೊಂದನ್ನು ಸುತ್ತಿಗೆಯಿಂದ ಚಪ್ಪಟೆ ಮಾಡುತ್ತೇನೆ. ಲೇಪನ ಚಕ್ಕೆಯಾಗಿ ಏಳಬಾರದು.

ಈಗ ಮದ್ದು. ಟೈಟ್‌ಗ್ರೂಪ್ ಅನ್ನುವ ಮದ್ದು ಸ್ವಲ್ಪವೇ ಹಾಕಿದರೆ ಸಾಕು, ಹಾಗಾಗಿ ಡಬ್ಬ ತುಂಬಾ ದಿನ ಬರುತ್ತದೆ. ಆದರೆ ಅದು ಬಿಸಿಯಾಗಿ ಉರಿಯುತ್ತದೆ, ಕೋಟೆಡ್ ಗುಂಡಿನ ಜೊತೆ ಹೊಗೆಯೂ ಜಾಸ್ತಿ. ನನಗೆ ಅದಕ್ಕಿಂತ ದೊಡ್ಡ ಚಿಂತೆ ಬೇರೆ. ಅಷ್ಟು ಕಡಿಮೆ ಜಾಗ ಹಿಡಿಯುವ ಮದ್ದು ಒಂದೇ ಕೇಸಿಗೆ ಎರಡು ಸಲ ಬಿದ್ದರೂ ಹೊರಗೆ ಚೆಲ್ಲುವುದಿಲ್ಲ. ಎರಡು ಪಟ್ಟು ಮದ್ದು ಪಿಸ್ತೂಲನ್ನೇ ಒಡೆಯಬಹುದು. ಜಾಗ ತುಂಬುವ ಮದ್ದಾದರೆ ಕಣ್ಣಿಗೇ ಗೊತ್ತಾಗುತ್ತದೆ. ದುಡ್ಡು ಉಳಿಸುವ ಲೆಕ್ಕ ಇಲ್ಲಿ ಸುಮ್ನೆ.

ಅದಕ್ಕೇ ನಾನು ಎನ್320 ಅಥವಾ ಸ್ಪೋರ್ಟ್ ಪಿಸ್ಟಲ್ ಅನ್ನುವ ಮದ್ದುಗಳ ಕಡೆ ವಾಲಿದೆ. ಎರಡನೆಯದನ್ನು ಕೋಟೆಡ್ ಗುಂಡನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ್ದಾರೆ. ಎನ್320 ದುಬಾರಿ, ಆದರೆ ಚೊಕ್ಕ. ಎಚ್‌ಪಿ-38 ಕೂಡ ಕೆಟ್ಟದ್ದಲ್ಲ. ಅದೂ ಡಬ್ಲ್ಯೂ231ನೂ ಒಂದೇ ಮದ್ದು, ಡಬ್ಬ ಮಾತ್ರ ಬೇರೆ. ಯುನೀಕ್ ಜಾಗ ತುಂಬುತ್ತದೆ, ನಿಜ. ಆದರೆ ಅದರ ದಪ್ಪ ಚಕ್ಕೆಗಳು ಅಳತೆ ಯಂತ್ರದಲ್ಲಿ ಒಂದೇ ಸಮ ಬೀಳುವುದಿಲ್ಲ.

ಎಷ್ಟು ಹಾಕಬೇಕು ಅಂತ ನಾನು ಇಲ್ಲಿ ಬರೆಯುವುದಿಲ್ಲ. ಮದ್ದಿನ ಕಂಪನಿಯ ಕೈಪಿಡಿಯಲ್ಲಿ ಅದೇ ತೂಕದ, ಅದೇ ಬಗೆಯ ಗುಂಡಿನ ಸಾಲು ಹುಡುಕಿ, ಅಲ್ಲಿರುವ ಅತಿ ಕಡಿಮೆ ಅಳತೆಯಿಂದ ಶುರು ಮಾಡಿ. ತಾಮ್ರದ ಹೊದಿಕೆಯ ಗುಂಡಿಗೆ ಹೋಲಿಸಿದರೆ ಕೋಟೆಡ್ ಗುಂಡು ಬ್ಯಾರಲ್‌ನಲ್ಲಿ ಸಲೀಸಾಗಿ ಜಾರುತ್ತದೆ. ಹಾಗಾಗಿ ಅದೇ ವೇಗಕ್ಕೆ ಮದ್ದು ಸಾಮಾನ್ಯವಾಗಿ ಕಡಿಮೆಯೇ ಸಾಕಾಗುತ್ತದೆ. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಲ್ಲದೆ ಆ ಅಳತೆಯಿಂದ ಮೇಲಕ್ಕೆ ಹೋಗಬೇಡಿ.

ಜೋಡಿಸುವಾಗ ಇನ್ನೊಂದು ಮಾತು. ಕೋಟೆಡ್ ಗುಂಡಿನ ವ್ಯಾಸ ಸಾಮಾನ್ಯವಾಗಿ 0.356 ಇಂಚು, ಹೊದಿಕೆಯದಕ್ಕಿಂತ ಒಂದು ಸಾವಿರಾಂಶ ಜಾಸ್ತಿ. ಕೇಸಿನ ಬಾಯಿಯನ್ನು ಸ್ವಲ್ಪ ಹೆಚ್ಚು ಅರಳಿಸದಿದ್ದರೆ ಅಂಚು ಲೇಪನವನ್ನು ಕೆರೆದುಬಿಡುತ್ತದೆ. ಕ್ರಿಂಪ್, ಅಂದರೆ ಗುಂಡು ಕೂರಿಸಿದ ಮೇಲೆ ಕೇಸಿನ ಬಾಯಿಯನ್ನು ಒತ್ತುವುದು, ತೀರಾ ಬಿಗಿಯಾದರೂ ಅದೇ ಕಥೆ. ಲೇಪನ ಹರಿದರೆ ಸೀಸ ಬ್ಯಾರಲ್‌ಗೆ ಮೆತ್ತುತ್ತದೆ. ಹೊಸ ಸೆಟ್ಟಿಂಗ್ ಮಾಡಿದಾಗಲೆಲ್ಲ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಬಿಲ್ಲೆ), ಮದ್ದು ಎರಡೂ ಇಲ್ಲದ ಒಂದು ಡಮ್ಮಿ ಜೋಡಿಸಿ, ಗುಂಡನ್ನು ಹೊರಗೆ ಎಳೆದು ಗೆರೆ ಬಿದ್ದಿದೆಯಾ ನೋಡುತ್ತೇನೆ. ಇನ್ನೊಂದು ಡಮ್ಮಿಯನ್ನು ಪಿಸ್ತೂಲಿನಿಂದ ಬಿಚ್ಚಿದ ಬ್ಯಾರಲ್‌ಗೆ ಹಾಕಿ ನೋಡುತ್ತೇನೆ. ಟಪ್ ಅಂತ ಕೂರಬೇಕು, ಸಲೀಸಾಗಿ ತಿರುಗಬೇಕು. ಸಿಕ್ಕಿಕೊಂಡರೆ ಗುಂಡನ್ನು ಇನ್ನೂ ಒಳಗೆ ಕೂರಿಸಿ ತೋಟಾದ ಒಟ್ಟು ಉದ್ದ ಕಡಿಮೆ ಮಾಡಬೇಕು. ಉದ್ದ ಕಡಿಮೆಯಾದರೆ ಒತ್ತಡ ಏರುತ್ತದೆ, ಹಾಗಾಗಿ ಮದ್ದನ್ನು ಮತ್ತೆ ಕೆಳಗಿನಿಂದಲೇ ಶುರು ಮಾಡಬೇಕು.